ಅಕ್ಕಲಕರಿಗೂ ಹೂವುಂಟು

ನಮ್ಮ ಕಡೆ ಅಕ್ಕಲಕರಿ ಗೊತ್ತಿಲ್ಲದ ಮನೆ ಕಡಿಮೆ. ಹಲ್ಲು ನೋವೆಂದರೆ ಅಕ್ಕಲಕರಿ. ಗಂಟಲು ಕಟ್ಟಿದರೆ ಅಕ್ಕಲಕರಿ. ಮಗುವಿಗೆ ಮಾತು ತಡವಾದರೆ ಜೇನಿನಲ್ಲಿ ತೇಯ್ದ ಅಕ್ಕಲಕರಿ. ನೋಡಲು ಬೆರಳುದ್ದದ ಕಂದು ಕಡ್ಡಿ. ಕಚ್ಚಿದ ತಕ್ಷಣ ಏನೂ ಅನ್ನಿಸುವುದಿಲ್ಲ. ಹತ್ತು ಎಣಿಸುವಷ್ಟರಲ್ಲಿ ನಾಲಗೆಯ ತುದಿ ಜುಮುಗುಟ್ಟುತ್ತದೆ, ಬಾಯಿ ತುಂಬ ನೀರು ಬರುತ್ತದೆ, ಆಮೇಲೆ ನಾಲಗೆ ಮರಗಟ್ಟುತ್ತದೆ. ಅತ್ತಾರರ ಅಂಗಡಿಯಲ್ಲಿ ಬಜೆ, ಅಳಲೆಕಾಯಿ, ಜಾಯಿಕಾಯಿಗಳ ಪಕ್ಕದ ಡಬ್ಬಿಯಲ್ಲಿ ಅದು ಇದ್ದೇ ಇರುತ್ತದೆ. ಸಂತೆ ಸಂತೆಗೆ ಅತ್ತರು, ಊದುಬತ್ತಿ, ನಾರುಬೇರು ಹೊತ್ತು ತಿರುಗುತ್ತಿದ್ದ ನಮ್ಮ ಮಾಮುವಿನ ಗಂಟಿನಲ್ಲಿಯೂ ಇತ್ತು. ಆ ವಾಸನೆಯಲ್ಲೇ ನಾವು ಬೆಳೆದೆವು. ಆದರೂ ಈ ಬೇರಿನ ಮೇಲೆ ಒಂದು ಗಿಡ ಇದ್ದಿರಬೇಕು, ಆ ಗಿಡ ಹೂವು ಬಿಟ್ಟಿರಬೇಕು ಎಂಬ ವಿಚಾರ ನಲವತ್ತು ದಾಟುವವರೆಗೂ ನಮ್ಮ ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಡಬ್ಬಿಯಲ್ಲಿರುವುದು ಡಬ್ಬಿಯಲ್ಲೇ ಹುಟ್ಟಿದ್ದು ಎನ್ನುವ ಹಾಗೆ ನಾವೆಲ್ಲ ಬದುಕುತ್ತೇವಲ್ಲ!

ಅಕ್ಕಲಕರಿಯ ಗಿಡವನ್ನು ಸಸ್ಯಶಾಸ್ತ್ರದವರು ಅನಾಸೈಕ್ಲಸ್ ಪೈರೆಥ್ರಮ್ ಎನ್ನುತ್ತಾರೆ. ಪೈರೆಥ್ರಮ್ ಎಂಬುದರ ಹಿಂದೆ ಇರುವುದು ಬೆಂಕಿ ಎಂಬ ಅರ್ಥದ ಗ್ರೀಕ್ ಮಾತು. ಬೇರು ಕಚ್ಚಿದವರಿಗೆ ಕಾರಣ ಹೇಳಬೇಕಾಗಿಲ್ಲ. ಅದರ ತವರು ಉತ್ತರ ಆಫ್ರಿಕದ ಮೊರಾಕ್ಕೊ, ಅಲ್ಜೀರಿಯಾಗಳ ಅಟ್ಲಾಸ್ ಪರ್ವತ ಮತ್ತು ಅದರಾಚೆಯ ಸ್ಪೇನ್. ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಸುಡುವ ಬಿಸಿಲು, ಕಾಲಡಿಯಲ್ಲಿ ಬರೀ ಕಲ್ಲು. ಅಂಥ ಕಡೆ ನೆಲಕ್ಕೆ ಅಂಟಿಕೊಂಡು ಬಾಳುವ ಬಹುವಾರ್ಷಿಕ ಗಿಡ ಇದು. ಇದರ ಕುಳ್ಳ ಬಗೆಯನ್ನು ಇಂಗ್ಲೆಂಡಿನ ತೋಟಗಾರರು ಮೌಂಟ್ ಅಟ್ಲಾಸ್ ಡೇಸಿ ಎಂದು ಕರೆದು ಕಲ್ಲಿನ ತೋಟಗಳಲ್ಲಿ ಅಲಂಕಾರಕ್ಕೆ ಬೆಳೆಸುತ್ತಾರೆ. ಅವರಿಗೆ ಹೂವು ಗೊತ್ತು, ನಮಗೆ ಬೇರು ಗೊತ್ತು.

ನಮ್ಮ ಉರ್ದು ಶಾಲೆಯ ಭಾಷೆಯಲ್ಲಿ ಇದು ಆಕಿರ್‌ಕರ್ಹಾ, ಅರಬಿಯಿಂದ ಬಂದ ಹೆಸರು. ಇಬ್ನ್ ಸೀನಾರ 'ಕಾನೂನ್' ಗ್ರಂಥದಲ್ಲಿ ಇದರ ಪ್ರಸ್ತಾಪವಿದೆ. ಯುನಾನಿ ಹಕೀಮರು ಇದರ ಮಿಜಾಜನ್ನು ಗರಂ, ಖುಷ್ಕ್ ಎನ್ನುತ್ತಾರೆ, ಅಂದರೆ ಬಿಸಿ ಮತ್ತು ಒಣ. ಸಂಸ್ಕೃತದಲ್ಲಿ ಅದೇ ಹೆಸರು ಆಕಾರಕರಭ ಆಯಿತು. ಚರಕ, ಸುಶ್ರುತರಲ್ಲಿ ಕಾಣದ ಈ ಬೇರು ಶಾರ್ಙ್ಗಧರ ಸಂಹಿತೆಯ ಹೊತ್ತಿಗೆ ವೈದ್ಯರ ಚೀಲ ಸೇರಿತ್ತು. ಮರಾಠಿಯಲ್ಲಿ ಅಕ್ಕಲಕರಾ, ಕೆಲವರ ಬಾಯಲ್ಲಿ ಅಕ್ಕಲಕಾಢಾ. ಕನ್ನಡದಲ್ಲಿ ಅಕ್ಕಲಕರಿ. ಅಕ್ಕಲ್ ಎಂದರೆ ಬುದ್ಧಿ ಎಂದುಕೊಂಡು, ಇದನ್ನು ತಿಂದರೆ ಬುದ್ಧಿ ಬರುತ್ತದೆ ಎಂದು ನಂಬಿದವರೂ ಉಂಟು. ಅಕ್ಕಲ್ ದಾಢಿಯ ನೋವಿಗೆ ಅಕ್ಕಲಕರಿ ಇಟ್ಟರೆ ಎರಡೂ ಕೂಡಿ ಬುದ್ಧಿ ಡಬಲ್ ಆಗುತ್ತದೆ ಎಂದು ಮಾಮು ಗಿರಾಕಿಗಳನ್ನು ನಗಿಸುತ್ತಿದ್ದರು. ಈ ಬೇರು ನಮ್ಮ ಯುನಾನಿಯದು ಎಂದು ಮಾಮು ಹೇಳಿದರೆ, ಅಲ್ಲ, ನಮ್ಮ ಆಯುರ್ವೇದದ್ದು ಎಂದು ಓಣಿಯ ಹಿರಿಯ ವೈದ್ಯರೊಬ್ಬರು ವಾದಿಸುತ್ತಿದ್ದರು. ಇಬ್ಬರ ಡಬ್ಬಿಗೂ ಮಾಲು ಬರುತ್ತಿದ್ದುದು ದೂರದ ಬರ್ಬರ್ ಜನರ ಬೆಟ್ಟದಿಂದ. ಮೊರಾಕ್ಕೊದ ತಾಂಜೀರಿನಲ್ಲಿ ಹುಟ್ಟಿದ ಇಬ್ನ್ ಬತೂತಾ 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದು ಹೋದುದನ್ನು ಓದಿದ್ದೇವೆ. ಮನುಷ್ಯರು ನಡೆದ ದಾರಿಯಲ್ಲಿ ಬೇರುಗಳೂ ನಡೆದಿರುತ್ತವೆ.

ಈ ಗಿಡವನ್ನು ಶೇಡಬಾಳದಲ್ಲಿ ಬೆಳೆಯುವ ಪ್ರಸಂಗ ನಮಗೆ ಬಂದುದು ತಮ್ಮನ ಮಗಳಿಂದ. ನಾಲ್ಕು ವರ್ಷದವರೆಗೆ ಚಿಲಿಪಿಲಿ ಮಾತಾಡಿದ ಹುಡುಗಿ ಆಮೇಲೆ ತೊದಲತೊಡಗಿದಳು. ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಕೊಳ್ಳುತ್ತಿತ್ತು. ಮುಖ ಕೆಂಪಾಗುತ್ತಿತ್ತು. ಶಾಲೆಗೆ ಹೋದ ಮೇಲೆ ಹೆಚ್ಚಾಯಿತು. ತರಗತಿಯಲ್ಲಿ ಅವಳ ಹಾಜರಿಯ ಸರದಿ ಬಂದಾಗ ಹುಡುಗರು ಮೊದಲೇ ನಗಲು ತಯಾರಾಗಿ ಕೂಡುತ್ತಿದ್ದರಂತೆ. ಬರಬರುತ್ತ ಅವಳು ಮಾತಾಡುವುದನ್ನೇ ಬಿಟ್ಟು, ಬೇಕಾದುದನ್ನು ಬೆರಳಿನಿಂದ ತೋರಿಸತೊಡಗಿದಳು.

ಮನೆಯಲ್ಲಿ ಎಲ್ಲರೂ ವೈದ್ಯರೇ. ದಾದಿಮಾ ಹಜರತ್ ಮೂಸಾರ ದುಆ ಓದಿ ಊದಿದರು. ಅಮ್ಮಾ ಸಾಣೆಕಲ್ಲಿನ ಮೇಲೆ ಅಕ್ಕಲಕರಿ ತೇಯ್ದು ಜೇನಿನಲ್ಲಿ ಕಲಸಿ ನಾಲಗೆಗೆ ಹಚ್ಚಿದರು. "ಜುಬಾನ್ ಖುಲ್ತೀ ಬೇಟಾ," ನಾಲಗೆ ಬಿಡುತ್ತದೆ ಮಗಾ, ಎಂದರು. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಉಗುಳಿದಳು. ಬಂದ ನೆಂಟರ ಸಲಹೆ ಬೇರೆ ಇತ್ತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಮೂರು ಭಾಷೆಯ ಭಾರಕ್ಕೆ ನಾಲಗೆ ಸಿಕ್ಕಿಬಿದ್ದಿದೆ, ಒಂದನ್ನಿಟ್ಟುಕೊಂಡು ಎರಡು ಬಿಡಿಸಿರಿ ಎಂದರು. ಗಡಿಯ ಊರಿನಲ್ಲಿ ಯಾವುದನ್ನು ಬಿಡಿಸುವುದು? ಅಜ್ಜಿಯ ಭಾಷೆಯನ್ನೇ, ಪಾಠದ ಭಾಷೆಯನ್ನೇ, ಆಟದ ಭಾಷೆಯನ್ನೇ?

ಕಡೆಗೆ ಮಗುವನ್ನು ವಾಕ್ ಚಿಕಿತ್ಸಕಿಯೊಬ್ಬರ ಬಳಿ ಕರೆದುಕೊಂಡು ಹೋದೆವು. ಅವರು ಮಗುವಿನ ಜೊತೆ ಒಂದು ತಾಸು ಆಟವಾಡಿದರು. ಆಮೇಲೆ ನಮಗೆ ಹೇಳಿದ್ದು ಇಷ್ಟು: ನಾಲಗೆಯಲ್ಲಿ ಏನೂ ದೋಷವಿಲ್ಲ. ಹೆಚ್ಚು ಭಾಷೆ ಕಲಿತುದರಿಂದ ತೊದಲು ಬರುವುದಿಲ್ಲ. ಅವಳ ಮಾತನ್ನು ನೀವು ಮುಗಿಸಬೇಡಿರಿ. 'ನಿಧಾನ ಹೇಳು' ಎಂದೂ ಹೇಳಬೇಡಿರಿ. ನೀವು ನಿಧಾನ ಮಾತಾಡಿರಿ, ಅವಳು ಮುಗಿಸುವವರೆಗೆ ಕಾಯಿರಿ. ತಿಂಗಳಿಗೆ ಎರಡು ಸಲ ಕರೆದುಕೊಂಡು ಬನ್ನಿರಿ. ಜೊತೆಗೆ ಅವಸರವಿಲ್ಲದ ಯಾವುದಾದರೂ ಕೆಲಸದಲ್ಲಿ ಅವಳನ್ನು ನಿಮ್ಮ ಸಂಗಡ ಸೇರಿಸಿಕೊಳ್ಳಿರಿ.

ಅವಸರವಿಲ್ಲದ ಕೆಲಸವೆಂದರೆ ಹಿತ್ತಲು. ಏನು ಬಿತ್ತೋಣ ಎಂದು ಕೇಳಿದಾಗ ಹುಡುಗಿ ಒಳಗೆ ಹೋಗಿ ಅಕ್ಕಲಕರಿಯ ಡಬ್ಬಿ ತಂದಿಟ್ಟಳು. ತನ್ನ ನಾಲಗೆ ಸುಟ್ಟದ್ದು ಹೇಗಿರುತ್ತದೆ ಎಂದು ನೋಡುವ ಆಸೆ ಇರಬೇಕು. ಒಣಬೇರು ಚಿಗುರುವುದಿಲ್ಲ, ಬೀಜ ಬೇಕು. ಮಧ್ಯಪ್ರದೇಶದ ನೀಮಚ್ ಔಷಧಿ ಬೇರುಗಳ ದೊಡ್ಡ ಪೇಟೆ. ಆ ಕಡೆಯ ರೈತರು ಈಗ ಅಕ್ಕಲಕರಿಯನ್ನು ಹಿಂಗಾರಿ ಬೆಳೆಯಾಗಿ ಬಿತ್ತುತ್ತಾರೆ. ಅಕ್ಟೋಬರ್-ನವೆಂಬರಿನಲ್ಲಿ ಬಿತ್ತಿ, ಬೇಸಿಗೆ ಬಲಿಯುವ ಹೊತ್ತಿಗೆ ಬೇರು ಕೀಳುತ್ತಾರೆ. ಮಾಮು ತಮ್ಮ ವ್ಯಾಪಾರದ ಪರಿಚಯದಿಂದ ಅಲ್ಲಿಂದ ಒಂದು ಚಮಚ ಬೀಜ ತರಿಸಿಕೊಟ್ಟರು. ಹೊಟ್ಟಿನಂತೆ ಹಗುರ, ಚಪ್ಪಟೆ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತವೆ.

ನಮ್ಮದು ಎರೆಮಣ್ಣಿನ ಸೀಮೆ. ಮಳೆ ಬಿದ್ದರೆ ಉಬ್ಬಿ ನೀರು ಹಿಡಿದು ಕೂಡುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಕುಸುಬಿಗೆ, ಬಿಳಿಜೋಳಕ್ಕೆ ಅದು ಅಮೃತ. ಪಕ್ಕದ ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕೃಷ್ಣೆಯ ನೀರು ಹೊಲಕ್ಕೆ ಏರಿದ ಮೇಲೆ ಸುತ್ತೆಲ್ಲ ಕಬ್ಬು. ನೀರು ಹೆಚ್ಚಾಗಿ ಎಷ್ಟೋ ಹೊಲಗಳು ಸವಳು-ಜವಳು ಆದವು. ಬೆಳೆ ಬರಬೇಕಾದರೆ ನೆಲದಡಿ ಕೊಳವೆ ಹಾಕಿ ನೀರು ಹೊರಗೆ ತೆಗೆಯಬೇಕಾದ ಕಾಲ ಬಂದಿದೆ. ಪ್ರೀತಿ ಎಂದರೆ ನೀರು ಬಿಡುವುದು ಎಂದು ತಿಳಿದ ಸೀಮೆಯಲ್ಲಿ, ನೀರು ನಿಂತರೆ ಬೇರು ಕೊಳೆತು ಸಾಯುವ ಬೆಟ್ಟದ ಗಿಡವನ್ನು ಬೆಳೆಯಬೇಕಾಗಿತ್ತು.

ಅದಕ್ಕೆ ನಾವು ನೆಲವನ್ನೇ ಬೇರೆ ಮಾಡಿದೆವು. ಹೊಳೆ ತುಂಬಿ ದಂಡೆಯ ಊರುಗಳು ಮುಳುಗಿದ 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಹಿತ್ತಲ ಗೋಡೆ ಕುಸಿದಿತ್ತು. ಆ ಕಲ್ಲು ಅಲ್ಲೇ ಬಿದ್ದಿದ್ದವು. ಇಡೀ ದಿನ ಬಿಸಿಲು ಬೀಳುವ ಜಾಗ ನೋಡಿ, ಆರು ಅಡಿ ಉದ್ದ, ಮೂರು ಅಡಿ ಅಗಲಕ್ಕೆ ಅವನ್ನು ಒಂದೂವರೆ ಅಡಿ ಎತ್ತರ ಜೋಡಿಸಿದೆವು. ತಳಕ್ಕೆ ದಪ್ಪ ಕಲ್ಲು, ಮೇಲೆ ಗರಸು, ಅದರ ಮೇಲೆ ಮರಳಿಗೆ ಸ್ವಲ್ಪವೇ ಎರೆಮಣ್ಣು ಪುಡಿ ಮಾಡಿ ಬೆರೆಸಿದ ಪದರ, ಒಂದು ಬೊಗಸೆ ಹಳೆಯ ಗೊಬ್ಬರ. ಅಷ್ಟೇ. ಮೇಲೆ ನೀರು ಸುರಿದರೆ ನೋಡುನೋಡುತ್ತಲೇ ಇಳಿದುಹೋಗಬೇಕು. ಬೇಲಿಯಾಚೆಯಿಂದ ನೋಡಿದ ಕಬ್ಬಿನ ಗೌಡರು, "ಏನ್ರೀ, ಗಿಡಾ ಹಚ್ಚಾಕತ್ತೀರೋ ಗೋರಿ ಕಟ್ಟಾಕತ್ತೀರೋ?" ಎಂದು ನಕ್ಕರು.

ಅಕ್ಟೋಬರ್ ಕೊನೆಗೆ, ಮಳೆ ಪೂರ್ತಿ ಹಿಂದಾದ ಮೇಲೆ, ಬೀಜವನ್ನು ಮರಳಿನಲ್ಲಿ ಬೆರೆಸಿ ಚೆಲ್ಲಿದೆವು. ಮೇಲೆ ಉಗುರಿನಷ್ಟು ಮರಳು. ಹುಡುಗಿಯ ಕೆಲಸ ದಿನಾ ಮುಂಜಾನೆ ಕೈಯಿಂದ ನೀರು ಚಿಮುಕಿಸುವುದು. ಹನ್ನೊಂದನೆಯ ದಿನ ಮೊಳಕೆ ಕಂಡವು. ಇರುವೆ, ಗುಬ್ಬಿಗಳ ಪಾಲು ಹೋಗಿ ಹದಿನೇಳು ಉಳಿದವು. ಒಂದೊಂದರ ನಡುವೆ ಗೇಣು ಜಾಗ ಬಿಟ್ಟೆವು. ಬೇರು ನೆಟ್ಟಗೆ ಆಳಕ್ಕಿಳಿಯುವುದರಿಂದ ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಮುನಿಯುತ್ತದೆ. ಚಳಿಗಾಲದುದ್ದಕ್ಕೂ ಗಿಡ ಮೇಲೇಳಲಿಲ್ಲ. ಸಬ್ಬಸಿಗೆಯಂತೆ ಸಣ್ಣಗೆ ಸೀಳಿದ, ಬೂದಿ ಬಣ್ಣದ ಎಲೆಗಳನ್ನು ನೆಲದ ಮೇಲೆ ತಟ್ಟೆಯಂತೆ ಹರಡಿಕೊಂಡು ಕೂತಿತು. ಎಂಟು ದಿನಕ್ಕೊಮ್ಮೆ ಮುಂಜಾನೆ ನೀರು. ಗೊಬ್ಬರವಿಲ್ಲ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಎನ್ನಿಸುತ್ತಿತ್ತು. ನಡೆಯುತ್ತಿದ್ದುದೆಲ್ಲ ಕೆಳಗೆ.

ಫೆಬ್ರುವರಿಯ ನಡುವೆ ಮೊಗ್ಗು ಬಂದವು. ಕೆಂಪು ಮೊಗ್ಗು. ಕೆಂಪು ಹೂವು ಬರುತ್ತದೆಂದು ಕಾದರೆ ಅರಳಿದ್ದು ಬಿಳಿ! ಎಸಳಿನ ಮೇಲ್ಮೈ ಹಾಲಿನ ಬಿಳುಪು, ಹಿಂಬದಿ ಕುಂಕುಮದ ಪಟ್ಟೆ, ನಡುವೆ ಹಳದಿ ಗುಂಡಿ. ಬಿಸಿಲೇರಿದಾಗ ಅಗಲವಾಗಿ ತೆರೆಯುತ್ತದೆ. ಸಂಜೆಗೆ, ಮೋಡ ಕವಿದಾಗ, ಮುಚ್ಚಿಕೊಂಡು ಮತ್ತೆ ಕೆಂಪಾಗುತ್ತದೆ. ಬೆಳಗಿಗೆ ಬಿಳಿ ಮಡಿ, ಸಂಜೆಗೆ ಕೆಂಪು ಮಡಿ. ಗೌಡರೂ ಬೇಲಿಯ ಬಳಿ ನಿಂತು ನೋಡಿ ಹೋದರು, ಈ ಸಲ ನಗಲಿಲ್ಲ.

ಈ ಹೂವಿನ ಕುಲ ನಮಗೆ ಹೊಸತಲ್ಲ. ಕುಸುಬಿ, ಗುರೆಳ್ಳು, ಸೂರ್ಯಕಾಂತಿ, ಚೆಂಡುಹೂ, ಸೇವಂತಿ ಎಲ್ಲ ಇದರ ಬಳಗವೇ. ಉರ್ದು ಶಾಲೆಯ ಪುಸ್ತಕದಲ್ಲಿ ಗುಲೆದಾವೂದಿ ಎಂದು ಓದುವಾಗ ಅದೇನೋ ಇರಾನಿನ ತೋಟದ ಹೂವೆಂದು ಭಾವಿಸಿದ್ದೆವು. ಕನ್ನಡ ಹೈಸ್ಕೂಲಿಗೆ ಬಂದ ಮೇಲೆ ಅದು ಪಕ್ಕದ ಮನೆಯ ಸೇವಂತಿ ಎಂದು ತಿಳಿಯಿತು. ಈ ಕುಲದಲ್ಲಿ ನಾವು ಒಂದು ಹೂವು ಎನ್ನುವುದು ನಿಜಕ್ಕೂ ಒಂದಲ್ಲ. ನಡುವಿನ ಗುಂಡಿಯಲ್ಲಿರುವ ಒಂದೊಂದು ಹಳದಿ ಚುಕ್ಕೆಯೂ ಪೂರ್ತಿ ಹೂವು, ಸುತ್ತಲಿನ ಒಂದೊಂದು ಬಿಳಿ ಎಸಳೂ ಇನ್ನೊಂದು ಹೂವು. ಹುಡುಗಿಗೆ ಭೂತಗನ್ನಡಿ ಹಿಡಿದು ತೋರಿಸಿದೆವು. ಬಹಳ ಹೊತ್ತು ನೋಡಿದಳು. ಆಮೇಲೆ "ಮ... ಮಂದಿ ಐತಿ ಇದರಾಗ" ಎಂದಳು. ನಾವು ಕಾದೆವು, ಅವಳು ಮುಗಿಸಿದಳು.

ಏಪ್ರಿಲಿಗೆ ಬೇರು ಕೀಳುವ ಕಾಲ ಬಂತು. ಅಮ್ಮಾ ಮೊದಲಿನಿಂದಲೂ ದಿನ ಎಣಿಸುತ್ತಿದ್ದರು. ಅಂಗಡಿಯ ಬೇರು ಹಳೆಯದು, ಹುಳ ತಿಂದದ್ದು, ಮನೆಯ ಬೇರಿಗೆ ಶಕ್ತಿ ಹೆಚ್ಚು, ಮಗುವಿಗೆ ಇದನ್ನು ತೇಯ್ದು ಕೊಟ್ಟರೆ ಗುಣವಾದೀತು ಎಂಬುದು ಅವರ ಲೆಕ್ಕ. ಅದನ್ನು ನಾವು ತಳ್ಳಿಹಾಕುವುದು ಸುಲಭವಿರಲಿಲ್ಲ. ಅವರ ಕೈಯ ಔಷಧದಲ್ಲೇ ನಾವೆಲ್ಲ ದೊಡ್ಡವರಾದದ್ದು.

ಅವರು ಸಲಿಕೆ ತಂದ ದಿನ ಪಕ್ಕದ ಮನೆಯ ಆಯಿ ಕಟ್ಟೆಯ ಮೇಲೆ ಕೂತಿದ್ದರು. ಶೇಡಬಾಳ ಜೈನರ ದೊಡ್ಡ ಊರು. 1925ರಲ್ಲಿ ಹುಟ್ಟಿ ಮುಂದೆ ದೇಶಕ್ಕೆಲ್ಲ ಹೆಸರಾದ ವಿದ್ಯಾನಂದ ಮುನಿಗಳ ಊರು. ಆಯಿಯ ಮನೆಯಲ್ಲಿ ಉಳ್ಳಾಗಡ್ಡಿ, ಬಟಾಟೆ, ಗಜ್ಜರಿ ಒಲೆ ಏರುವುದಿಲ್ಲ. ನೆಲದೊಳಗಿನದನ್ನು ಕಿತ್ತರೆ ಗಿಡವೂ ಹೋಗುತ್ತದೆ, ಅದರ ಸುತ್ತಲಿನ ಜೀವವೂ ಹೋಗುತ್ತದೆ ಎಂಬುದು ಅವರ ನೇಮ. ನಮ್ಮ ಮನೆಯ ಅಡಿಗೆಯ ಬಗ್ಗೆ ಅವರು ಎಂದೂ ಒಂದು ಮಾತು ಆಡಿದವರಲ್ಲ. ಅಂದು ಮಾತ್ರ, "ಬೇರ ಕಿತ್ತರ ಗಿಡಾ ಉಳಿತೈತೇನ ತಂಗಿ?" ಎಂದು ಕೇಳಿದರು.

"ಔಷಧಕ್ಕಂತನ ಹಚ್ಚೇವಲ್ರೀ ಆಯಿ," ಎಂದರು ಅಮ್ಮಾ.

"ಹಂಗಾರ ಒಂದ ಕೀಳು. ನೋಡೂಣು."

ಅಮ್ಮಾ ಒಂದನ್ನು ಕಿತ್ತರು. ಹುಡುಗಿ ಒಳಗೆ ಓಡಿಹೋದಳು. ಕಿರುಬೆರಳಿನಷ್ಟು ದಪ್ಪದ ಬೇರು, ತೊಳೆದಾಗ ಬಿಳಿಚಾಗಿತ್ತು. ನೆರಳಲ್ಲಿ ಹದಿನೈದು ದಿನ ಒಣಗಿಸಿ ಮಾಮುವಿನ ಸಣ್ಣ ತಕ್ಕಡಿಯಲ್ಲಿ ಇಟ್ಟರೆ ನಾಲ್ಕು ಗ್ರಾಂ. ಮಾಮು ಬಹಳ ಹೊತ್ತು ತಕ್ಕಡಿಯನ್ನೇ ನೋಡಿದರು. ನಮ್ಮ ಗಿಡದ ಲೆಕ್ಕದಲ್ಲಿ ಒಂದು ಕಿಲೋಕ್ಕೆ ಇನ್ನೂರೈವತ್ತು ಗಿಡ. ಜೀವಮಾನದಲ್ಲಿ ಅವರು ಎಷ್ಟು ಕಿಲೋ ಮಾರಿದ್ದಾರೋ! "ಇಷ್ಟು ದಿನ ನಾನು ತೂಗಿದ್ದು ಗುಡ್ಡ," ಎಂದರು.

ಅದು ಬರೀ ಭಾವುಕ ಮಾತಲ್ಲ. ಮೊರಾಕ್ಕೊದ ಎತ್ತರದ ಅಟ್ಲಾಸಿನಲ್ಲಿ ಕಾಡಿನ ಅಕ್ಕಲಕರಿಯನ್ನು ಅಗೆದು ಮಾರುವುದು ಬಡ ಕುಟುಂಬಗಳ ಒಂದು ಜೀವನೋಪಾಯ. ಅಗೆದ ಬೇರಿನಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಕೊಳ್ಳುವ ದೇಶಗಳಲ್ಲಿ ಭಾರತ ಮುಖ್ಯವಾದದ್ದು. ಬೀಜ ಉದುರುವ ಮೊದಲೇ ಅಗೆದರೆ ಆ ಜಾಗದಲ್ಲಿ ಮತ್ತೆ ಗಿಡವಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಗಿಡವೂ ಸೇರಿದೆ, ಅಳಿವಿನ ಭಯವಿರುವ ಜಾತಿಗಳ ಸಾಲಿನಲ್ಲಿ. ಅಲ್ಲಿನ ಕೆಲವು ಹಳ್ಳಿಗಳ ಜನ ಈಗ ಬೀಜ ಕೂಡಿಟ್ಟು, ಸಸಿ ಮಡಿ ಮಾಡಿ, ಬೆಟ್ಟಕ್ಕೆ ಗಿಡ ಹಿಂತಿರುಗಿಸುತ್ತಿದ್ದಾರೆ. ನಮ್ಮ ಹಲ್ಲು ಜುಮುಗುಟ್ಟುವಾಗ ದೂರದ ಒಂದು ಇಳಿಜಾರು ಬರಿದಾಗುತ್ತದೆ ಎಂಬುದು ನಾಲ್ಕು ಗ್ರಾಂ ತೂಗಿದ ಮೇಲೆ ನಮ್ಮ ಮನೆಗೆ ಅರ್ಥವಾದ ಸಂಗತಿ. ಬೇರು ಬೇಕಾದವರು ಬೇಸಾಯದ ಬೇರನ್ನು ಕೇಳಿ ಕೊಳ್ಳುವುದು ಒಳ್ಳೆಯದು. ಗದ್ದೆಯ ಬದುವಿನಲ್ಲಿ ಬೆಳೆಯುವ, ಹಳದಿ ಗುಂಡಿಯಂಥ ಹೂವಿನ ಹಲ್ಲುನೋವಿನ ಗಿಡವನ್ನೂ ಕೆಲವರು ಅಕ್ಕಲಕರಿ ಎಂದೇ ಕರೆಯುತ್ತಾರೆ. ಅದೂ ಇದೇ ಕುಲದ್ದು, ನಾಲಗೆಯನ್ನು ಹಾಗೆಯೇ ಮರಗಟ್ಟಿಸುತ್ತದೆ. ಅದರ ಹೂವು ಕಿತ್ತರೂ ಗಿಡ ಉಳಿಯುತ್ತದೆ.

ಉಳಿದ ಹದಿನಾರನ್ನು ಅಮ್ಮಾ ಮುಟ್ಟಲಿಲ್ಲ. ಕಿತ್ತ ಆ ಒಂದು ಬೇರನ್ನೂ ಮಗುವಿನ ನಾಲಗೆಗೆ ಹಚ್ಚಲಿಲ್ಲ. ನೆಂಟರು ಕೇಳಿದರೆ, "ಡಾಕ್ಟರಮ್ಮ ಕಾಯಿರಿ ಅಂದಾರ, ಕಾಯಾಕತ್ತೇವಿ" ಎಂದರು. ಅವರ ಬಾಯಿಂದ ಆ ಮಾತು ಬಂದುದು ನಮಗೆ ಗಿಡ ಹೂಬಿಟ್ಟದ್ದಕ್ಕಿಂತ ದೊಡ್ಡ ಸುದ್ದಿ.

ಮೇ ತಿಂಗಳ ಉರಿಯನ್ನು ಗಿಡಗಳು ಹೇಗೋ ತಡೆದವು, ಬೀಜ ಕೊಟ್ಟವು. ಜೂನಿನ ಮಳೆಗೆ ಹೆಚ್ಚಿನವು ಬುಡದಲ್ಲೇ ಕಪ್ಪಾದವು. ತಗಡು ಮರೆ ಮಾಡಿದ ಮೂಲೆಯ ಮೂರು ಮಾತ್ರ ಉಳಿದು ಮರುವರ್ಷವೂ ಹೂಬಿಟ್ಟವು. ತವರಿನಲ್ಲಿ ವರ್ಷಗಟ್ಟಲೆ ಬಾಳುವ ಗಿಡ ನಮ್ಮಲ್ಲಿ ಒಂದು ಹಿಂಗಾರಿಯ ಅತಿಥಿ ಎಂದುಕೊಂಡರೆ ಸಾಕು. ಬಯಲುಸೀಮೆಯಲ್ಲಿ ಇದನ್ನು ಬೆಳೆಯಬಯಸುವವರಿಗೆ ನಾವು ಹೇಳಬಹುದಾದದ್ದು ಕಡಿಮೆ: ಮಳೆಗಾಲ ಮುಗಿದ ಮೇಲೆ ಬಿತ್ತಿರಿ, ಎತ್ತರದ ಕಲ್ಲಿನ ಮಡಿ ಮಾಡಿರಿ, ನೆರಳು ಬೀಳದಂತೆ ನೋಡಿಕೊಳ್ಳಿರಿ, ನೀರು ಕೊಡುವ ಆಸೆ ಬಂದಾಗಲೆಲ್ಲ ಎರಡು ದಿನ ಮುಂದೆ ಹಾಕಿರಿ.

ಹುಡುಗಿಗೆ ಈಗ ಎಂಟು ವರ್ಷ. ತೊದಲು ಪೂರ್ತಿ ಹೋಗಿಲ್ಲ. ಕೆಲವು ದಿನ ಇರುವುದೇ ಇಲ್ಲ, ಕೆಲವು ದಿನ ಹೆಸರು ಹೇಳಲೂ ಕಷ್ಟಪಡುತ್ತಾಳೆ. ಆದರೆ ಬೆರಳು ತೋರಿಸುವುದನ್ನು ಬಿಟ್ಟಿದ್ದಾಳೆ. ಆಯಿಯೊಡನೆ ಕನ್ನಡ, ದಾದಿಮಾನೊಡನೆ ಉರ್ದು, ಓಣಿಯ ಗೆಳತಿಯರೊಡನೆ ಮರಾಠಿ, ಮೂರರಲ್ಲೂ ತಡೆದು ತಡೆದು ಮಾತಾಡುತ್ತಾಳೆ. ಯಾವ ಭಾಷೆಯನ್ನೂ ಬಿಟ್ಟುಕೊಟ್ಟಿಲ್ಲ. ಕಳೆದ ವರ್ಷ ಶಾಲೆಯಲ್ಲಿ ಗಿಡಗಳ ಬಗ್ಗೆ ಹೇಳಲು ಎದ್ದು ನಿಂತಾಗ ಹುಡುಗರು ನಕ್ಕರಂತೆ. ನಗು ನಿಲ್ಲುವವರೆಗೆ ಕಾದು, ಆಮೇಲೆ ಹೇಳಿ ಮುಗಿಸಿದಳಂತೆ.

ಈ ಸಲ ಬೀಜ ಹೆಚ್ಚು ಬಂದಿದೆ. ಮಾಮುವಿನ ಬಳಿ ಅಕ್ಕಲಕರಿ ಕೇಳಿ ಬಂದವರಿಗೆ ಬೇರಿನ ಜೊತೆಗೆ ಹತ್ತು ಬೀಜದ ಒಂದು ಪುಡಿಕೆಯೂ ಪುಕ್ಕಟೆ ಸಿಗುತ್ತದೆ. ಪುಡಿಕೆಯ ಮೇಲೆ ಹುಡುಗಿ ತನ್ನ ಕೈಯಿಂದ ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಬರೆದಿದ್ದಾಳೆ: ಬಿಸಿಲು ಹೆಚ್ಚು, ನೀರು ಕಡಿಮೆ, ಅವಸರ ಬೇಡ.